ಮೂರನೇ ಮೆಷಿನ್ ಹಿಂಡುವಷ್ಟು ಹೊತ್ತು

ಮೊದಲ ವಾಕ್ಯದಲ್ಲೇ ಕೇಳುಗರನ್ನು ಹಿಡಿದುಬಿಡಬೇಕು ಅನ್ನುತ್ತಾಳೆ ಮಗಳು. ನನ್ನ ಮಗಳಲ್ಲ, ದೊಡ್ಡಕ್ಕನ ಮಗಳು. ದೊಡ್ಡಕ್ಕ ಯಾರೆಂದು ನಾನಿನ್ನೂ ಹೇಳಿಲ್ಲ. ಅಲ್ಲಿಗೆ ನನ್ನ ಮೊದಲ ವಾಕ್ಯ ಕೆಟ್ಟಿತು, ನೀವೂ ಕೈತಪ್ಪಿದಿರಿ.

ಬ್ಯಾಕ್‌ಸ್ಪೇಸ್. ಇನ್ನೊಮ್ಮೆ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಳಕು ಮಂದವಾಗಿತ್ತು...

(ಬೇಡ. ನೆಲಮಾಳಿಗೆ ಅಂದಕೂಡಲೇ ಬೆಳಕು ಆರಿಸುವ ಚಾಳಿ ನನಗಿದೆ. ಅಲ್ಲಿ ಹದಿನಾರು ಟ್ಯೂಬ್‌ಲೈಟುಗಳು ಉರಿಯುತ್ತವೆ. ಬಟ್ಟೆಯ ಮೇಲಿನ ಕಲೆ ಕಾಣಬೇಡವೇ?)

ಸರಿ, ಅಲಂಕಾರವಿಲ್ಲದೆ ಹೇಳುತ್ತೇನೆ. ಒಂದು ದೊಡ್ಡ ಆಸ್ಪತ್ರೆ. ಅದರ ನೆಲಮಾಳಿಗೆಯಲ್ಲಿ ಲಾಂಡ್ರಿ. ಅದರ ಮೇಲ್ವಿಚಾರಕಿ ದೊಡ್ಡಕ್ಕ, ಇಪ್ಪತ್ತೆರಡು ವರ್ಷದ ಸರ್ವೀಸು, ಕೈಕೆಳಗೆ ಹನ್ನೊಂದು ಜನ. ಈಗ ಆಡಳಿತ ಮಂಡಳಿಗೆ ಒಂದು ಯೋಚನೆ ಬಂದಿದೆ. ಲಾಂಡ್ರಿ ಮುಚ್ಚಿ, ಬಟ್ಟೆಯನ್ನೆಲ್ಲ ಹೊರಗಿನ ಕಂಪನಿಗೆ ಕೊಟ್ಟು, ಆ ಜಾಗದಲ್ಲಿ ಸ್ಕ್ಯಾನಿಂಗ್ ಕೋಣೆ ಮಾಡಿದರೆ ಹೇಗೆ? ಬೇಡವೆನ್ನಲು ಕಾರಣವಿದ್ದರೆ ಗುರುವಾರ ಮಧ್ಯಾಹ್ನ ಮೂರಕ್ಕೆ ಬಂದು ಹೇಳಿ, ಹತ್ತು ನಿಮಿಷ, ಸ್ಲೈಡ್ ಇದ್ದರೆ ಒಳ್ಳೆಯದು ಎಂದು ಪತ್ರ ಕಳಿಸಿದ್ದಾರೆ. ಹನ್ನೊಂದು ಮನೆಯ ಅನ್ನ ಆ ಹತ್ತು ನಿಮಿಷದಲ್ಲಿದೆ.

ಪತ್ರ ಓದಿದ ಇಸ್ತ್ರಿ ಅಣ್ಣ ನಕ್ಕ. (ಇಸ್ತ್ರಿ ಮೆಷಿನ್ ನೋಡಿಕೊಳ್ಳುವವನು. ದೊಡ್ಡಕ್ಕನಿಗಿಂತ ಹತ್ತು ವರ್ಷ ದೊಡ್ಡವನಾದರೂ ಅಕ್ಕ ಎಂದೇ ಕರೆಯುತ್ತಾನೆ.)

"ಕೋಳೀನ ಕೇಳಿ ಮಸಾಲೆ ಅರೀತಾರಾ ಅಕ್ಕ?"

"ಇಲ್ಲಿ ಕೇಳ್ತಿದಾರಲ್ಲ ಅಣ್ಣ. ಕೇಳಿದ ಮೇಲೂ ಕೋಳಿ ಸುಮ್ನೆ ಕೂತ್ರೆ ತಪ್ಪು ಕೋಳೀದೇ."

1

ಮಗಳು ಕಾಲೇಜಿನಲ್ಲಿ ಸೆಮಿನಾರ್ ಕೊಟ್ಟು ಕಪ್ ಗೆದ್ದವಳು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಅಮ್ಮನ ತಯಾರಿ ನೋಡಿ ತಲೆಗೆ ಕೈಯಿಟ್ಟುಕೊಂಡಳು.

"ಅಮ್ಮಾ, ಹತ್ತು ನಿಮಿಷಕ್ಕೆ ಇಪ್ಪತ್ನಾಲ್ಕು ಸ್ಲೈಡಾ?"

"ಇಪ್ಪತ್ತೆರಡು ವರ್ಷ ದುಡಿದಿದೀನಿ ಕಣೇ. ವರ್ಷಕ್ಕೊಂದಾದ್ರೂ ಬೇಡ್ವಾ?"

"ಮಿಕ್ಕಿದ್ದೆರಡು?"

"ಒಂದು ನಮಸ್ಕಾರ, ಒಂದು ಥ್ಯಾಂಕ್ಯೂ."

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನನಗೆ ದಿನಾ ಹೇಳ್ತೀಯ. ನೀನು ನೋಡಿದ್ರೆ ಪಕ್ಕದ್ಮನೆವರೆಗೂ ಚಾಚಿದೀಯ."

ಇಪ್ಪತ್ನಾಲ್ಕು ಐದಾಯಿತು. ಪ್ರತಿ ಸ್ಲೈಡ್ ಹೋದಾಗಲೂ ದೊಡ್ಡಕ್ಕನಿಗೆ ಹಲ್ಲು ಕಿತ್ತಂತಾಯಿತು. ಮಗಳು ನಿಯಮಗಳನ್ನು ಹೇಳುತ್ತ ಹೋದಳು. ಪರದೆ ನೋಡಿಕೊಂಡು ಓದಬಾರದು. ಗಟ್ಟಿಯಾಗಿ ಹೇಳಿ ಹೇಳಿ ಅಭ್ಯಾಸ ಮಾಡಬೇಕು, ಗಡಿಯಾರ ಇಟ್ಟುಕೊಂಡೇ ಮಾಡಬೇಕು. ಕೇಳಿದವರು ಮನೆಗೆ ಒಂದೇ ಒಂದು ಮಾತು ಒಯ್ಯುತ್ತಾರೆ, ಅದು ಯಾವುದೆಂದು ನಮಗೆ ಗೊತ್ತಿರಬೇಕು. ಎಲ್ಲಕ್ಕಿಂತ ಮೊದಲು, ಕೇಳುವವರು ಯಾರೆಂದು ತಿಳಿದಿರಬೇಕು.

"ಅಧ್ಯಕ್ಷರು ಯಾರು ಅಂತ ಗೊತ್ತಾ ನಿನಗೆ?"

"ಗೊತ್ತು," ಎಂದಳು ದೊಡ್ಡಕ್ಕ. "ಹೋದ ವರ್ಷ ಅವರಮ್ಮ ಮೂರನೇ ಮಹಡೀಲಿ ನಲವತ್ತು ದಿನ ಇದ್ರು. ಅಲ್ಲೇ ತೀರಿಕೊಂಡ್ರು." ಅಷ್ಟು ಹೇಳಿ ಎದ್ದು ಪಾತ್ರೆ ತೊಳೆಯತೊಡಗಿದಳು.

2

(ಇಲ್ಲಿ ನನಗೆ ಬಾಯಲ್ಲಿ ನೀರೂರಿತು. ಕಥೆಗಾರನಾಗಿ ಇಂಥ ತುತ್ತು ಬಿಡಲಾದೀತೇ? ಕೂಡಲೇ ಬರೆದೆ.)

"ಅಧ್ಯಕ್ಷರೇ, ನಿಮ್ಮ ತಾಯಿಯ ಕೊನೆಯ ಹಾಸಿಗೆಯ ಬಟ್ಟೆ ಒಗೆದದ್ದು ಈ ಕೈ!" ಎಂದಳು ದೊಡ್ಡಕ್ಕ. ಸಭೆ ಸ್ತಬ್ಧವಾಯಿತು. ಅಧ್ಯಕ್ಷರ ಕಣ್ಣು ತುಂಬಿ...

"ತೆಗೀರಿ ಅದನ್ನ."

ತಲೆಯೆತ್ತಿ ನೋಡಿದರೆ ದೊಡ್ಡಕ್ಕ. ಸೊಂಟದ ಮೇಲೆ ಕೈ.

"ಯಾಕೆ? ಚೆನ್ನಾಗಿದೆಯಲ್ಲ?"

"ಬಟ್ಟೇಲಿ ಕಂಡದ್ದು ಬಾಯಿಗೆ ಬರಬಾರದು. ಹೊಸಬರು ಸೇರಿದ ದಿನಾನೇ ಹೇಳಿಕೊಡೋ ಮೊದಲ್ನೇ ಪಾಠ ಅದು. ಯಾರ ಹಾಸಿಗೇಲಿ ಏನಿತ್ತು, ಯಾರು ಹೇಗಿದ್ರು, ಮೆಷಿನ್ನಿಗೆ ಹಾಕಿದ ಮೇಲೆ ಮುಗೀತು. ನೀವು ಹೊಸಬ್ರು ಅಂತ ಬಿಡ್ತಿದೀನಿ."

"ಓದುಗರು ಕಣ್ಣೀರು ಹಾಕ್ತಿದ್ರು ಕಣ್ರೀ."

"ಅದಕ್ಕೆ ಈರುಳ್ಳಿ ಸಾಕಲ್ಲ, ನಾನ್ಯಾಕೆ?"

ತೆಗೆದೆ. (ಆದರೆ ನೀವು ಓದಿಬಿಟ್ಟಿರಿ. ದಯವಿಟ್ಟು ಯಾರಿಗೂ ಹೇಳಬೇಡಿ.)

3

ಅಭ್ಯಾಸ ನಡೆದದ್ದು ಲಾಂಡ್ರಿಯಲ್ಲೇ. ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದರೆ ಪಕ್ಕದವರು ಜಗಳವೆಂದು ಬಾಗಿಲು ತಟ್ಟುತ್ತಾರೆ. ಲಾಂಡ್ರಿಯಲ್ಲಿ ಆ ಭಯವಿಲ್ಲ. ಗಡಿಯಾರವೂ ಬೇಕಿಲ್ಲ, ಮೂರನೇ ಮೆಷಿನ್ ಬಟ್ಟೆ ಹಿಂಡಲು ಸರಿಯಾಗಿ ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಮೆಷಿನ್ ಹಿಂಡಲು ಶುರು ಮಾಡಿದಾಗ "ನಮಸ್ಕಾರ", ಅದು ಕಿರ್ರೆಂದು ಸಿಳ್ಳೆ ಹಾಕುವುದರೊಳಗೆ "ಥ್ಯಾಂಕ್ಯೂ".

ಆರು ಮೆಷಿನ್‌ಗಳು ಒಟ್ಟಿಗೆ ತಿರುಗುವ ಆ ಕೋಣೆಯಲ್ಲಿ ಪಕ್ಕದವರ ಕೆಮ್ಮು ಕೂಡ ಕೇಳಿಸುವುದಿಲ್ಲ. ಅದಕ್ಕೇ ಅಲ್ಲಿಯವರು ಕೈಯಲ್ಲೇ ಮಾತಾಡುತ್ತಾರೆ. ಎರಡು ಬೆರಳೆತ್ತಿದರೆ ಬಟ್ಟೆ ಹರಿದಿದೆ. ಹೆಬ್ಬೆರಳು ತುಟಿಗೆ ಹೋದರೆ ಟೀ. ಮುಷ್ಟಿ ಎತ್ತಿ, ಅದರ ಮೇಲೆ ಇನ್ನೊಂದು ಅಂಗೈ ಮುಚ್ಚಿದರೆ: ನಿಲ್ಸು, ಒಳಗೆ ಏನೋ ಇದೆ.

ಮೂರು ದಿನ ದೊಡ್ಡಕ್ಕ ಗಂಟಲು ಹರಿಯುವಂತೆ ಅಭ್ಯಾಸ ಮಾಡಿದಳು. ಬುಧವಾರ ಅವಳ ಥ್ಯಾಂಕ್ಯೂ ಮತ್ತು ಮೆಷಿನ್ನಿನ ಸಿಳ್ಳೆ ಒಟ್ಟಿಗೆ ಬಂದವು. ಹನ್ನೊಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇಸ್ತ್ರಿ ಅಣ್ಣ ಕಿವಿಯ ಹತ್ತಿರ ಬಂದು ಕೂಗಿದ: "ಒಂದಕ್ಷರಾನೂ ಕೇಳಿಸ್ಲಿಲ್ಲ ಅಕ್ಕ! ಆದ್ರೆ ನೀವು ಗೆದ್ದೇ ಗೆಲ್ತೀರಿ!"

ಆ ಮಾತಿನಲ್ಲೇ ಎಚ್ಚರಿಕೆ ಇತ್ತು. ಯಾರಿಗೂ ಹೊಳೆಯಲಿಲ್ಲ. (ನನಗೆ ಹೊಳೆದಿತ್ತು. ಹೇಳಿದ್ದರೆ ಕಥೆ ಎಲ್ಲಿಂದ ಬರಬೇಕಿತ್ತು? ಕಥೆಗಾರರನ್ನು ನಂಬಬೇಡಿ.)

4

(ಇಲ್ಲಿ ದೊಡ್ಡಕ್ಕನ ಬಾಲ್ಯದ ಬಗ್ಗೆ ಎರಡು ಪುಟ ಇತ್ತು. ಮಗಳು ಬಂದು "ಹತ್ತೇ ನಿಮಿಷ, ಅಂಕಲ್" ಎಂದು ಹರಿದು ಹಾಕಿದಳು. ಅಂಕಲ್ ಅಂದದ್ದು ಹೆಚ್ಚು ನೋಯಿತು.)

5

ಗುರುವಾರ, ಮೂರು ಗಂಟೆ. ಎಂಟನೇ ಮಹಡಿಯ ಸಭಾಕೋಣೆಯಲ್ಲಿ ನೆಲಕ್ಕೆ ದಪ್ಪ ಕಾರ್ಪೆಟ್ಟು, ಕಿಟಕಿಗೆ ಎರಡು ಪದರದ ಗಾಜು. ಮಂಡಳಿಯ ಐವರ ಮುಂದೆ ಐದು ನೀರಿನ ಬಾಟಲಿ. ಎಂಥ ನಿಶ್ಶಬ್ದವೆಂದರೆ, ಯಾರೋ ಬಾಟಲಿಯ ಮುಚ್ಚಳ ತಿರುವಿದ್ದು ಕೇಳಿಸಿತು.

ದೊಡ್ಡಕ್ಕ ಉಸಿರೆಳೆದುಕೊಂಡು ಶುರುಮಾಡಿದಳು.

"ನಮಸ್ಕಾರಾ!!"

ಒಬ್ಬರ ಪೆನ್ನು ಕೆಳಗೆ ಬಿತ್ತು. ಹೊರಗಿದ್ದ ಸೆಕ್ಯುರಿಟಿಯವನು ಬಾಗಿಲು ತೆರೆದು ಇಣುಕಿದ. ದೊಡ್ಡಕ್ಕನಿಗೆ ತನ್ನ ಗಂಟಲು ಇಷ್ಟು ದೊಡ್ಡದೆಂದು ಅವತ್ತೇ ಗೊತ್ತಾದದ್ದು. ಮೆಷಿನ್ ಇಲ್ಲದ ಕೋಣೆಯಲ್ಲಿ ಮಾತಾಡುವುದನ್ನು ಅವಳು ಅಭ್ಯಾಸವೇ ಮಾಡಿರಲಿಲ್ಲ.

ಎರಡನೇ ವಾಕ್ಯವನ್ನು ತಗ್ಗಿಸಿದಳು. ಅದು ಅವಳಿಗೇ ಕೇಳಿಸಲಿಲ್ಲ.

"ಸ್ವಲ್ಪ ಜೋರಾಗಿ ಹೇಳೀಮ್ಮ," ಎಂದರು ಅಧ್ಯಕ್ಷರು.

ಜೋರಾಗಿ ಹೇಳಿದಳು. ಐವರೂ ಹಿಂದಕ್ಕೆ ಒರಗಿದರು. ಹೀಗೆ ಒಮ್ಮೆ ಗುಡುಗು, ಒಮ್ಮೆ ಪಿಸುಮಾತು ಆಗುತ್ತ ಮೂರು ಸ್ಲೈಡ್ ಹೋದವು. ಎಷ್ಟು ಹೊತ್ತಾಯಿತೆಂದೂ ತಿಳಿಯಲಿಲ್ಲ, ಮೂರನೇ ಮೆಷಿನ್ ಒಂಬತ್ತು ಮಹಡಿ ಕೆಳಗಿತ್ತು. ಒಬ್ಬರು ಕೈಗಡಿಯಾರ ನೋಡಿಕೊಂಡರು. ದೊಡ್ಡಕ್ಕನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಹನ್ನೊಂದು ಮುಖ ಕಣ್ಣೆದುರು ಬಂದು ಮಾತು ನಿಂತೇಹೋಯಿತು.

(ನನಗೂ ಕೆಟ್ಟದೆನಿಸಿತು. ಇಷ್ಟು ಹೊತ್ತು ತಮಾಷೆ ಮಾಡಿದವನು ನಾನೇ. ಬೇಕಾದರೆ ಈಗ ಅಧ್ಯಕ್ಷರ ತಾಯಿಯ ಮಾತು ಎತ್ತಬಹುದು ಎಂದು ಸನ್ನೆ ಮಾಡಿದೆ. ಅವಳು ನನ್ನತ್ತ ತಿರುಗಲೂ ಇಲ್ಲ.)

ಆಗ, ಯಾವಾಗ ಎದ್ದಿತೆಂದು ಅವಳಿಗೂ ಗೊತ್ತಿಲ್ಲ, ಅವಳ ಕೈ ಎದ್ದಿತ್ತು. ಮುಷ್ಟಿ, ಅದರ ಮೇಲೆ ಅಂಗೈ.

"ಅದೇನು ಕೈಯಲ್ಲಿ?" ಅಧ್ಯಕ್ಷರು ಕೇಳಿದರು.

"ಏನಿಲ್ಲ ಸರ್. ನಮ್ಮ ಕೆಳಗಿನ ಭಾಷೆ. ಮೆಷಿನ್ ನಿಲ್ಸು, ಒಳಗೆ ಏನೋ ಇದೆ ಅಂತ."

"ಒಳಗೆ ಏನಿರುತ್ತೆ?"

ಅದು ಸ್ಲೈಡಿನಲ್ಲಿರಲಿಲ್ಲ. ಇಪ್ಪತ್ನಾಲ್ಕರಲ್ಲೂ ಇರಲಿಲ್ಲ. ದಿನಾ ಮಾಡುವ ಕೆಲಸವನ್ನು ಯಾರಾದರೂ ಹೇಳಿಕೊಳ್ಳುತ್ತಾರೆಯೇ?

"ಹಾಸಿಗೆ ಬಟ್ಟೆ ಸುತ್ತಿ ತರ್ತಾರಲ್ಲ ಸರ್, ಅದರ ಜೊತೆ ಬಂದುಬಿಡುತ್ತೆ. ಕನ್ನಡಕ. ಹಲ್ಲಿನ ಸೆಟ್ಟು. ಕಿವೀಗೆ ಹಾಕೋ ಮೆಷಿನ್ನು. ಹುಟ್ಟಿದ ಮಗೂಗೆ ಕೈಗೆ ಕಟ್ಟಿರ್ತಾರಲ್ಲ, ಆ ಪಟ್ಟಿ. ಮೆಷಿನ್ ಬಾಗಿಲ ಗಾಜಿನಲ್ಲಿ ಮಿಂಚಿದ್ದು ಯಾರಿಗಾದ್ರೂ ಕಂಡ್ರೆ ಕೈ ಎತ್ತುತ್ತಾರೆ, ನಿಲ್ಸ್ತೀವಿ. ಮಧ್ಯ ನಿಲ್ಸಿದ್ರೆ ಇಡೀ ಸುತ್ತು ಮೊದಲಿಂದ ಮಾಡ್ಬೇಕು, ಸೋಪು ನೀರು ಎಲ್ಲ ದಂಡ. ಆದ್ರೂ ನಿಲ್ಸ್ತೀವಿ. ಹಲ್ಲಿನ ಸೆಟ್ಟು ಇಲ್ದೆ ಆ ಅಜ್ಜ ಮೇಲೆ ಊಟಕ್ಕೆ ಕೂತಿರ್ತಾರೆ." ಅವಳ ದನಿ ಈಗ ಅಡುಗೆಮನೆಯಲ್ಲಿ ಮಗಳ ಜೊತೆ ಮಾತಾಡುವಷ್ಟೇ ಇತ್ತು. "ಹೊರಗಿನೋರು ನಮಗಿಂತ ಬೆಳ್ಳಗೇ ಒಗೀಬಹುದು ಸರ್. ನಿಲ್ಸ್ತಾರಾ ಅಂತ ಒಂದ್ಸಲ ಕೇಳಿ."

ಅಧ್ಯಕ್ಷರು ತಮ್ಮ ಬಾಟಲಿಯನ್ನೇ ನೋಡುತ್ತ ಕೂತರು. ಅವರ ಮನಸ್ಸಿನಲ್ಲಿ ಏನು ಹಾದುಹೋಯಿತು, ಮೂರನೇ ಮಹಡಿಗೆ ಯಾವ ವಸ್ತು ಯಾರ ಕೈಗೆ ವಾಪಸ್ ಹೋಗಿತ್ತು ಎನ್ನುವುದು ನನಗೆ ಗೊತ್ತು. ಈ ಸಲ ದೊಡ್ಡಕ್ಕ ನನ್ನತ್ತ ನೋಡಿದಳು. ಸರಿ, ಹೇಳುವುದಿಲ್ಲ.

"ಸೋಮವಾರ ತಿಳಿಸ್ತೀವಿ," ಎಂದರು ಅಧ್ಯಕ್ಷರು.

6

ಇನ್ನು ಮುಕ್ತಾಯ. ನನ್ನ ಹತ್ತಿರ ಮೂರಿವೆ.

ಅ) ಮಂಡಳಿ ಒಪ್ಪಿತು, ಲಾಂಡ್ರಿ ಉಳಿಯಿತು, ಎಲ್ಲರೂ ಕುಣಿದರು. ("ನೀವು ಮಂಡಳಿ ನೋಡೇ ಇಲ್ಲ ಅನ್ಸುತ್ತೆ," ಎಂದ ಇಸ್ತ್ರಿ ಅಣ್ಣ.)

ಆ) ಲಾಂಡ್ರಿ ಮುಚ್ಚಿತು. ಕೊನೆಯ ದಿನ ದೊಡ್ಡಕ್ಕ ಒಬ್ಬಳೇ ನಿಂತಿದ್ದಳು. ಕತ್ತಲೆ ನಿಧಾನವಾಗಿ... ("ಮತ್ತೆ ಲೈಟ್ ಆರಿಸಿದ್ರಾ?" ಎಂದಳು ದೊಡ್ಡಕ್ಕ.)

ಇ) ಸೋಮವಾರ ಫೋನ್ ರಿಂಗಾಯಿತು. ದೊಡ್ಡಕ್ಕ ನಡುಗುವ ಕೈಯಲ್ಲಿ ಎತ್ತಿದಳು. ಮುಗಿಯಿತು. ("ಇದನ್ನ ಟಿವಿ ಸೀರಿಯಲ್‌ನೋರೇ ಬಿಟ್ಟುಬಿಟ್ಟಿದಾರೆ," ಎಂದಳು ಮಗಳು.)

ಮೂರನ್ನೂ ಮಡಚಿ ಜೇಬಿನಲ್ಲಿಟ್ಟುಕೊಂಡೆ. ಕುಣಿಯಲಾರದವನು ನೆಲ ಡೊಂಕು ಅನ್ನಬಾರದು. ಸೋಮವಾರ ಏನಾಯಿತೆಂದು ನನಗೆ ಗೊತ್ತಿಲ್ಲ. ಗುರುವಾರ ಮೂರೂವರೆಗೆ ನಡೆದದ್ದು ಮಾತ್ರ ಕಂಡಿದ್ದೇನೆ.

ದೊಡ್ಡಕ್ಕ ಲಿಫ್ಟಿನಲ್ಲಿ ಇಳಿದು ಲಾಂಡ್ರಿಯ ಬಾಗಿಲು ತಳ್ಳಿದಳು. ಆರೂ ಮೆಷಿನ್ ತಿರುಗುತ್ತಿದ್ದವು. ಹನ್ನೊಂದು ಜನ ತಿರುಗಿ ನೋಡಿದರು. ಹನ್ನೊಂದು ಅಂಗೈಗಳು ಮೇಲ್ಮುಖವಾದವು: ಏನಾಯ್ತು?

ಅವರ ಕೈಭಾಷೆಯಲ್ಲಿ ಆಯ್ತು ಎನ್ನಲು ಸನ್ನೆ ಇದೆ, ಹೋಯ್ತು ಎನ್ನಲು ಸನ್ನೆ ಇದೆ. ಇನ್ನೂ ಗೊತ್ತಿಲ್ಲ, ಆದರೆ ನಾನು ಹೇಳಬೇಕಾದದ್ದನ್ನು ಹೇಳಿ ಬಂದೆ ಎನ್ನಲು ಏನೂ ಇಲ್ಲ. ದೊಡ್ಡಕ್ಕ ಮುಷ್ಟಿ ಎತ್ತಿ ಅದರ ಮೇಲೆ ಅಂಗೈ ಮುಚ್ಚಿದಳು.

ಇಸ್ತ್ರಿ ಅಣ್ಣ ಒಂದೊಂದೇ ಸ್ವಿಚ್ ಆರಿಸಿದ. ಮೊದಲನೆಯದು ನಿಂತಿತು, ಎರಡನೆಯದು ನಿಂತಿತು. ಮೂರನೆಯದು ಹಿಂಡುತ್ತಿತ್ತು, ಅದು ನಿಲ್ಲಲು ತಡವಾಯಿತು. ಆರೂ ನಿಂತಾಗ ಹದಿನಾರು ಟ್ಯೂಬ್‌ಲೈಟುಗಳ ಗುಂಯ್ ಸದ್ದು ಕೇಳಿಸಿತು. ಅಲ್ಲಿದ್ದವರು ಅದನ್ನು ಮೊದಲ ಸಲ ಕೇಳುತ್ತಿದ್ದರು.

ದೊಡ್ಡಕ್ಕ ಬಟ್ಟೆಯ ತಳ್ಳುಗಾಡಿಯ ಅಂಚಿಗೆ ಕೂತು ಮಾತಾಡತೊಡಗಿದಳು, ತೀರಾ ಮೆಲ್ಲಗೆ. ಕೇಳಿಸಿಕೊಳ್ಳಲು ಎಲ್ಲರೂ ಹತ್ತಿರ ಬಂದು ನೆಲದ ಮೇಲೆ ಕೂತರು. ಬಾಗಿಲ ಬಳಿ ನಿಂತಿದ್ದ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಮೆಷಿನ್ ಮತ್ತೆ ಶುರು ಮಾಡಲು ಯಾರೂ ಏಳಲಿಲ್ಲ.