ಹಾಟ್‌ಬಾಕ್ಸ್ ಬರಿದಾಗಿ ಹೋಗಬಾರದು

ಆ ದಿನ ಬೆಳಿಗ್ಗೆ ಹಲಸೂರು ಕೆರೆಯ ಕಡೆಯಿಂದ ಆಷಾಢದ ಗಾಳಿ ಬೀಸುತ್ತಿತ್ತು. ಮಳೆ ಅನ್ನುವಂತಿಲ್ಲ, ಅಲ್ಲ ಅನ್ನುವಂತೆಯೂ ಇಲ್ಲ. ಜರಡಿ ಹಿಡಿದು ಹಿಟ್ಟು ಸೋಸಿದ ಹಾಗೆ ತುಂತುರು. ವಠಾರದ ಅಂಗಳದಲ್ಲಿ ಹರವಿದ್ದ ಸೀರೆ ಒಣಗುವ ಆಸೆ ಬಿಟ್ಟು ಸುಮ್ಮನೆ ತೂಗುತ್ತಿತ್ತು. ಶೇಷಮ್ಮ ದೇವರ ಗೂಡಿಗೆ ದೀಪವಿಟ್ಟು, ಮಗಳು ಕಾವೇರಿಯ ಹಣೆಗೆ ವಿಭೂತಿ ಹಚ್ಚಿ, ದಿನಾ ಹೇಳುವ ಮಾತನ್ನೇ ಹೇಳಿದಳು: “ನಾಲಗಿ ಮ್ಯಾಲೆ ಶಿವ ಇರ್ಲಿ. ಹೋಗಿ ಬಾ.”

ಲಿಂಗಸುಗೂರಿನ ಕಡೆಯಿಂದ ಬಂದು, ಕಟ್ಟಡಗಳಲ್ಲಿ ಮರಳು ಹೊತ್ತು, ಮಗಳಿಗೆ ಪಿಯುಸಿ ಓದಿಸಿದ ಹೆಂಗಸು ಶೇಷಮ್ಮ. ಆ ವಠಾರದಲ್ಲಿ ಅವಳಿಗಿದ್ದ ಹೆಮ್ಮೆ ಒಂದೇ. ನಲ್ಲಿಯ ಹತ್ತಿರ ಯಾರೇ ಸಿಗಲಿ, ಮಗಳು ಫ್ಯಾನಿನ ಕೆಳಗೆ ಕೂತು ಬರೀ ಮಾತಾಡಿ ಪಗಾರ ತರುತ್ತಾಳೆ ಎಂದು ಹೇಳದೆ ಕೊಡ ಎತ್ತುತ್ತಿರಲಿಲ್ಲ. “ನಿನ್ ಮಗಳು ಮಾತಾಡಿ ತರ್ತಾಳೆ, ನೀನು ಮಾತಾಡಿ ನಮ್ ನೀರು ನಿಲ್ಲಿಸ್ತೀಯ,” ಎಂದು ಮನೆಯೊಡತಿ ಅಕ್ಕಯಮ್ಮ ರೇಗಿಸುತ್ತಿದ್ದಳು. ರೇಗಿಸಿದ ಸಂಜೆಯೇ ಬಟ್ಟಲಲ್ಲಿ ಬಸ್ಸಾರು ಕಳಿಸುತ್ತಿದ್ದಳು. ಆ ಬಟ್ಟಲನ್ನು ಶೇಷಮ್ಮ ಎಂದೂ ಬರಿದಾಗಿ ಹಿಂದಿರುಗಿಸಿದವಳಲ್ಲ. ಶೇಂಗಾ ಹಿಂಡಿಯೋ, ಒಂದು ಉಂಡೆಯೋ, ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆಯೋ. ಇನ್ನೊಬ್ಬರ ಮನೆಯ ಪಾತ್ರೆ ತುಂಬಿ ಬಂದರೆ ತುಂಬಿಯೇ ಹೋಗಬೇಕು. ಅದು ಅವಳು ಊರಿನಿಂದ ಹೊತ್ತು ತಂದ ನೇಮ. ಹಲಸೂರಿನಲ್ಲೂ ಅದೇ ನೇಮವಿದ್ದದ್ದು ಕಂಡು ಅವಳಿಗೆ ಈ ಊರು ಪರವಾಗಿಲ್ಲ ಅನ್ನಿಸಿತ್ತು.

ಕಾವೇರಿಯ ಆಫೀಸು ಇಂದಿರಾನಗರದಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲೆ. ಆರು ಫೋನು, ಆರು ಹುಡುಗಿಯರು, ಮುಂದೆ ಟೆಲಿಫೋನ್ ಡೈರೆಕ್ಟರಿಯಿಂದ ಹರಿದ ಹಾಳೆಗಳು. ಮ್ಯಾನೇಜರ್ ಭಾರ್ಗವ್ ಕಲಿಸಿಕೊಟ್ಟ ಮಾತು ಎಲ್ಲರಿಗೂ ಒಂದೇ. ನಿಮ್ಮ ನಂಬರು ಡ್ರಾನಲ್ಲಿ ಬಂದಿದೆ, ನಿಮಗೊಂದು ಹಾಟ್‌ಬಾಕ್ಸು ಬಹುಮಾನ, ಜೊತೆಗೆ ಒಂದು ಮಾಸಪತ್ರಿಕೆ ಫ್ರೀ. ನಮ್ಮ ಹುಡುಗ ಮನೆಗೆ ಬರುತ್ತಾನೆ, ಡೆಪಾಸಿಟ್ ಅಂತ ಒಂದು ಚೆಕ್ ಕೊಟ್ಟರೆ ಸಾಕು, ಮೂರು ತಿಂಗಳಿಗೆ ವಾಪಸ್ ಬರುತ್ತೆ. ಡ್ರಾ ಎನ್ನುವುದು ಇರಲಿಲ್ಲ. ಆ ಚೆಕ್ಕು ಮೂರು ವರ್ಷದ ಚಂದಾ. ಹಾಗೆಂದು ರಸೀದಿಯ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ವಾಪಸ್ ಬಂದ ಚೆಕ್ಕನ್ನು ಯಾರೂ ಕಂಡವರಿಲ್ಲ.

ಮೊದಮೊದಲು ಕಾವೇರಿಗೆ ಇದು ಗೊತ್ತಿರಲಿಲ್ಲ. ಆಮೇಲೆ ಜನ ಫೋನು ಮಾಡಿ ಡೆಪಾಸಿಟ್ ಕೇಳತೊಡಗಿದಾಗ ಗೊತ್ತಾಯಿತು. ಬಿಡಬೇಕೆಂದು ಮನಸ್ಸು ಹೇಳಿದಾಗಲೆಲ್ಲ ನಲ್ಲಿಯ ಹತ್ತಿರ ಅವ್ವನ ಮುಖ ಕಣ್ಣಿಗೆ ಕಟ್ಟುತ್ತಿತ್ತು. ಅವ್ವನ ದನಿಯೇ ಮಗಳಿಗೂ ಬಂದಿತ್ತು, ಕಥೆ ಹೇಳುವವರ ದನಿ, ಕೇಳಿದವರು ಕೆಲಸ ಬಿಟ್ಟು ಹತ್ತಿರ ಬಂದು ಕೂರುವಂಥದು. ಆ ದನಿಗೆ ಚೆಕ್ಕುಗಳು ಚೆನ್ನಾಗಿ ಬರುತ್ತಿದ್ದವು.

ಆ ಬೆಳಿಗ್ಗೆ ಅವಳು ಎರಡನೆಯ ನಂಬರು ಒತ್ತುತ್ತಿದ್ದಾಗ ಮೆಟ್ಟಿಲು ಹತ್ತಿ ಒಬ್ಬ ಮುದುಕಿ ಬಂದರು. ಒದ್ದೆ ಕೊಡೆ, ಕಂಕುಳಲ್ಲಿ ಕಂಪನಿಯದೇ ಹಾಟ್‌ಬಾಕ್ಸು. ಜೀವನ್ ಬಿಮಾ ನಗರದ ಸೀತಮ್ಮ ತಾವೆಂದು ಹೇಳಿ, ಕಾವೇರಿ ಅನ್ನುವ ಮಗು ಯಾವುದು ಎಂದು ವಿಚಾರಿಸಿದರು. ಹುಡುಗಿಯರೆಲ್ಲ ಫೋನಿನಲ್ಲಿ ಚಿನ್ಮಯಿ ಎಂದೇ ಹೇಳಿಕೊಳ್ಳಬೇಕೆಂಬುದು ಭಾರ್ಗವ್ ಮಾಡಿದ ಕಟ್ಟಳೆ. ಆದರೆ ಹೋದ ವಾರ ಈಯಮ್ಮ, ಊಟ ಆಯ್ತಾ ತಾಯಿ, ನಿನ್ನ ಹೆಸರೇನು ಎಂದು ಕೇಳಿದ ರೀತಿಗೆ ಕಾವೇರಿಯ ಬಾಯಲ್ಲಿ ನಿಜವಾದ ಹೆಸರೇ ಬಂದುಬಿಟ್ಟಿತ್ತು.

ಸೀತಮ್ಮ ಅವಳ ಪಕ್ಕ ಕೂತು ಮುಚ್ಚಳ ತೆಗೆದರು. ಗೊಜ್ಜವಲಕ್ಕಿಯ ಘಮ ಆರು ಫೋನುಗಳನ್ನೂ ಸುಮ್ಮನಾಗಿಸಿತು.

ಅವರು ತಿಳಿದದ್ದೇ ಬೇರೆ. ಹಾಟ್‌ಬಾಕ್ಸಿನೊಳಗೆ ಪತ್ರಿಕೆ ಇಟ್ಟು ಕಳಿಸಿದ್ದರಲ್ಲ, ಬಹುಮಾನ ಅಂದರೆ ಆ ಪುಸ್ತಕ, ಪೆಟ್ಟಿಗೆ ಕಂಪನಿಯವರ ಪಾತ್ರೆ ಎಂದುಕೊಂಡಿದ್ದರು. ಇಷ್ಟು ಒಳ್ಳೆಯ ಪಾತ್ರೆಯನ್ನು ಯಾರಾದರೂ ಸುಮ್ಮನೆ ಕೊಡುತ್ತಾರೆಯೇ? ಪುಸ್ತಕ ಓದಿ ಆಯಿತು, ಪಾತ್ರೆ ಹಿಂದಕ್ಕೆ ಕೊಡೋಣವೆಂದು ಬಂದಿದ್ದರು. ಬರಿದಾಗಿ ಹೇಗೆ ತರುವುದು?

“ನಮ್ಮ ಯಜಮಾನರು ಬೈತಾರಮ್ಮ,” ಎಂದರು ಸೀತಮ್ಮ, ನಗುತ್ತಲೇ. “ಆ ಡೆಪಾಸಿಟ್ಟು ಹೋಯ್ತು, ನೀನೊಬ್ಬಳು ಪೆದ್ದಿ ಅಂತಾರೆ. ನಾನು ಹೇಳ್ಬಿಟ್ಟೆ, ಆ ಮಗು ದನಿ ಕೇಳಿದ್ದೀನಿ, ಅದು ಸುಳ್ಳಾಡೋ ದನಿ ಅಲ್ಲ ಅಂತ.”

ಕಾವೇರಿ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಸೀತಮ್ಮ ತಲೆ ನೇವರಿಸಿ, ಕೊಡೆ ಬಿಡಿಸಿಕೊಂಡು ಮೆಟ್ಟಿಲಿಳಿದರು.

ಗೊಜ್ಜವಲಕ್ಕಿ ಎಲ್ಲರ ಕೈಗೂ ಬಂತು. ಮನೆಮನೆಗೆ ಹೋಗಿ ಚೆಕ್ ತರುವ ಶಿವಾಜಿನಗರದ ವಾಜಿದ್‌ಗೂ, ಭಾರ್ಗವ್‌ಗೂ. ಭಾರ್ಗವ್ ಬೆರಳು ಚೀಪುತ್ತಿರುವಾಗ ಕಾವೇರಿ ಅವನ ಮೇಜಿನ ಮುಂದೆ ನಿಂತಳು. ಸೀತಮ್ಮನವರ ಚೆಕ್ಕು ಇನ್ನೂ ಡ್ರಾಯರಿನಲ್ಲಿತ್ತು. ಬ್ಯಾಂಕಿಗೆ ಹೋಗುವುದು ಶನಿವಾರ. ಅದು ತನಗೆ ಬೇಕು ಎಂದಳು.

“ಇದು ಧರ್ಮಛತ್ರ ಅಲ್ಲ ಕಣಮ್ಮ. ಟಾರ್ಗೆಟ್ ಇದೆ.”

“ವಾಪಸ್ ಬರುತ್ತೆ ಅಂದದ್ದು ನಾನು ಸರ್. ನನ್ನ ಸ್ವಂತ ಹೆಸರು ಹೇಳಿ ಅಂದೆ. ಇನ್ಮುಂದೆ ಆ ಮಾತು ಯಾರಿಗೂ ಹೇಳೋದಿಲ್ಲ.”

ಹೇಳದಿದ್ದರೆ ಕುರ್ಚಿ ಇಲ್ಲ, ಈ ತಿಂಗಳ ಕಮಿಷನ್ನೂ ಇಲ್ಲ ಎಂದ ಭಾರ್ಗವ್. ಆಗಲಿ ಎಂದಳು. ಅವನು ಹೆದರಿಸಲೆಂದು ಅಂದಿದ್ದ. ಅವಳು ಒಪ್ಪಿಬಿಟ್ಟಾಗ ಡ್ರಾಯರಿನ ಮೇಲೆ ಕೈಯಿಟ್ಟು ಕೂತ. ಬಾಗಿಲಲ್ಲಿದ್ದ ವಾಜಿದ್ ಕೈ ಒರೆಸಿಕೊಳ್ಳುತ್ತ, “ಕೊಟ್ಬಿಡಿ ಸಾರ್. ಆಂಟಿ ಅವಲಕ್ಕಿ ತಿಂದು ಆಂಟಿ ಚೆಕ್ಕೇ ಹಾಕಿದ್ರೆ ಬೌನ್ಸ್ ಆಗೋದು ನಮ್ ಹೊಟ್ಟೆ,” ಎಂದ. ಹುಡುಗಿಯರು ನಕ್ಕರು. ಭಾರ್ಗವ್ ಚೆಕ್ಕನ್ನು ಮೇಜಿನ ಮೇಲೆ ತಳ್ಳಿದ.

ಚೆಕ್ಕು, ಹಾಟ್‌ಬಾಕ್ಸು ಎರಡನ್ನೂ ಹಿಡಿದು ಅವಳು ತುಂತುರಿನಲ್ಲಿ ಹಲಸೂರಿನವರೆಗೆ ನಡೆದೇ ಬಂದಳು. ಬ್ಯಾಂಕು ಸೇರಿಹೋಗಿದ್ದ ಇತರರ ಚೆಕ್ಕುಗಳು ಮನಸ್ಸಿನಲ್ಲಿ ಭಾರವಾಗಿಯೇ ಇದ್ದವು. ಅವನ್ನು ಇಳಿಸುವ ದಾರಿ ಅವಳಿಗೆ ಕಾಣಲಿಲ್ಲ. ಸೋಮೇಶ್ವರನ ಗುಡಿಯ ಮುಂದೆ ನಿಂತಾಗಲೂ ಕೈ ಮುಗಿದಳೇ ಹೊರತು ಏನನ್ನೂ ಕೇಳಿಕೊಳ್ಳಲಿಲ್ಲ.

ಅವ್ವನಿಗೆ ಎಲ್ಲವನ್ನೂ ಹೇಳಿದಳು. ಡ್ರಾ ಇಲ್ಲದ್ದು, ಗೊತ್ತಿದ್ದೂ ಹೇಳುತ್ತಿದ್ದದ್ದು, ಇವತ್ತು ಕುರ್ಚಿ ಹೋದದ್ದು. ಶೇಷಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳಿದಳು. ಕಾವೇರಿ ತಲೆ ತಗ್ಗಿಸಿ, ನಾಳೆ ನಲ್ಲಿಯ ಹತ್ತಿರ ಅವ್ವ ಏನು ಹೇಳುವಳೋ ಎಂದು ಕಾದಳು.

ಶೇಷಮ್ಮ ಎದ್ದು ಹಾಟ್‌ಬಾಕ್ಸನ್ನು ತೊಳೆದು ಒರೆಸಿದಳು. ಒಲೆ ಹೊತ್ತಿಸಿ ಶೇಂಗಾ ಹುರಿಯತೊಡಗಿದಳು.

“ಬರೇ ಕಾಗದ ಇಟ್ಟು ಒಯ್ತಿಯೇನು, ಹುಚ್ಚಿ? ಹೋಳಿಗಿ ಮಾಡ್ತೀನಿ ತಡಿ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಬೆನ್ನು ತಿರುಗಿಸಿಕೊಂಡೇ ಅಂದಳು: “ಇಷ್ಟು ದಿವ್ಸ ನನ್ ಮಗಳು ಮಾತಾಡಿ ತರ್ತಾಳ ಅಂತಿದ್ದೆ. ನಾಳಿಗೆ, ಆಡಿದ ಮಾತಿನಂಗ ನಡದಾಳ ಅಂತ ಹೇಳ್ತೀನಿ. ಅಕ್ಕಯಮ್ಮ ನೀರು ನಿಲ್ತು ಅಂದ್ರ ಅನ್ಲಿ.”

ಮರುದಿನ ಆಕಾಶ ತೆರೆದಿತ್ತು. ಜೀವನ್ ಬಿಮಾ ನಗರದ ಆ ಮನೆಯ ಗೇಟಿನ ಹತ್ತಿರ ಶೇಷಮ್ಮ ಒಳ್ಳೆಯ ಸೀರೆಯುಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಳು. ಮಗಳನ್ನು ಒಬ್ಬಳೇ ಮುಂದೆ ಕಳಿಸಿದಳು. ವರಾಂಡದಲ್ಲಿ ಪೇಪರು ಓದುತ್ತಿದ್ದ ಸೀತಮ್ಮನವರ ಯಜಮಾನರು ಶ್ರೀನಿವಾಸಮೂರ್ತಿಗಳು ಕನ್ನಡಕದ ಮೇಲಿನಿಂದ ನೋಡಿದರು. ಸೀತಮ್ಮ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು.

ಕಾವೇರಿ ಹಾಟ್‌ಬಾಕ್ಸನ್ನು ಎರಡೂ ಕೈಯಲ್ಲಿ ನೀಡಿದಳು. ಸೀತಮ್ಮ ಮುಚ್ಚಳ ತೆಗೆದರು. ಬಾಳೆ ಎಲೆಯಲ್ಲಿ ಸುತ್ತಿದ ಹೋಳಿಗೆ, ಅದರ ಮೇಲೆ ಮಡಿಸಿದ ಚೆಕ್ಕು. ಅವರು ಅದನ್ನು ಬಿಡಿಸಿ ತಮ್ಮ ಕನ್ನಡ ಸಹಿಯನ್ನು ಒಮ್ಮೆ ನೋಡಿದರು. ಆಮೇಲೆ ಚೆಕ್ಕನ್ನು ಯಜಮಾನರ ತೊಡೆಯ ಮೇಲೆ ಹರಡಿದ್ದ ಪೇಪರಿನ ನಡುವೆ ಇಟ್ಟರು.