ಗಂಟಲು ಒಣಗಿಸಿಕೊಂಡ ಪ್ರಯಾಣ

ತಂಗಿಗೆ ದಿನ ತುಂಬುತ್ತಿತ್ತು. ಅವಳ ಬಾಣಂತನಕ್ಕೆಂದು ಅಕ್ಕ ತನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ಮೊದಲ ಸಲ ವಿಮಾನ ಹತ್ತಿದಳು. ಹೊರಟಿದ್ದು ಭಾಷೆಯೂ ಗೊತ್ತಿಲ್ಲದ ದೂರದ ದೇಶಕ್ಕೆ. ಹೆಚ್ಚುಕಡಿಮೆ ಹಗಲಿಡೀ ಪ್ರಯಾಣ.

ಸ್ವಲ್ಪ ಹೊತ್ತಿಗೆ ಎದ್ದು ಶೌಚಾಲಯಕ್ಕೆ ಹೋದಳು. ಬಾಗಿಲು ತೆರೆಯಲಿಲ್ಲ. ಎಳೆದಳು, ಚಿಲಕ ಹುಡುಕಿದಳು, ಮತ್ತೆ ಎಳೆದಳು. ಹಿಂದೆ ಸಾಲು ಬೆಳೆಯಿತು. ಯಾರೋ ಕಿಸಕ್ಕನೆ ನಕ್ಕರು. ನಕ್ಕಿದ್ದು ತನ್ನನ್ನೇ ನೋಡಿಯೋ ಏನೋ, ಅಕ್ಕನಿಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು. ಏನೂ ಬೇಡವಾಗಿತ್ತೆಂಬಂತೆ ತಿರುಗಿ ಬಂದು ಕೂತಳು.

ಗಗನಸಖಿ ನೀರು ತಂದಾಗಲೆಲ್ಲ ಬೇಡವೆಂದು ತಲೆ ಅಲ್ಲಾಡಿಸಿದಳು. ಕುಡಿದರೆ ತಾನೇ ಮತ್ತೆ ಆ ಬಾಗಿಲಿಗೆ ಹೋಗಬೇಕು? ಕಾಲು ಮಡಚಿ, ಹಲ್ಲು ಕಚ್ಚಿ ಕೂತೇ ಇದ್ದಳು. ವಿಮಾನ ಇಳಿಯುವಷ್ಟರಲ್ಲಿ ತಡೆಯಲಾಗದೆ ಬಟ್ಟೆ ಒದ್ದೆಯಾಯಿತು. ಸೊಂಟಕ್ಕೆ ಶಾಲು ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೊರಬಂದಳು.

ಮರುದಿನ ಎಡಗಾಲಿನ ಮೀನಖಂಡ ಊದಿಕೊಂಡಿತು. ಅದನ್ನೂ ಮುಚ್ಚಿಟ್ಟಳು. ತಂಗಿಯನ್ನು ನೋಡಲು ಬಂದ ಪಕ್ಕದ ಮನೆಯ ಕನ್ನಡತಿ ನರ್ಸಮ್ಮನ ಕಣ್ಣು ತಪ್ಪಿಸಲಾಗಲಿಲ್ಲ.

"ಯಾಕಕ್ಕಾ, ಕುಂಟ್ತಾ ಇದೀರಾ?"

"ಏನಿಲ್ಲ, ಚಪ್ಪಲಿ ಕಚ್ಚಿದೆ ಅಷ್ಟೆ."

"ಕೂತೂ ಕೂತೂ ಕಾಲು ಹಿಡ್ಕೊಂಡಿರುತ್ತೆ ಅತ್ತಿಗೆ," ಎಂದ ತಂಗಿಯ ಗಂಡ. "ಎಣ್ಣೆ ಹಚ್ಚಿ ತಿಕ್ಕಿದ್ರೆ ಸರಿಹೋಗುತ್ತೆ ಬಿಡಿ."

ನರ್ಸಮ್ಮ ಬಗ್ಗಿ ಕಾಲು ಮುಟ್ಟಿ ನೋಡಿದರು. "ತಿಕ್ಕೋದು ಬೇಡ! ಒಂದೇ ಕಾಲು ಊದಿದೆ, ಬಿಸಿನೂ ಇದೆ. ರಕ್ತ ಹೆಪ್ಪುಗಟ್ಟಿರಬಹುದು. ವಿಮಾನದಲ್ಲಿ ಎದ್ದು ಓಡಾಡಿದ್ರಾ?"

ಅಕ್ಕ ನೆಲ ನೋಡಿದಳು. "ಇಲ್ಲ."

"ನೀರು ಕುಡಿದ್ರಾ?"

ಅಕ್ಕ ಕಾಲು ಹಿಂದಕ್ಕೆಳೆದುಕೊಂಡಳು. "ಈಗಲೇ ಆಸ್ಪತ್ರೆಗೆ ಹೋಗ್ಬೇಕು," ಎಂದರು ನರ್ಸಮ್ಮ.

"ಇಷ್ಟಕ್ಕೆಲ್ಲಾ ಆಸ್ಪತ್ರೆ ಯಾಕೆ?" ಎಂದ ತಂಗಿಯ ಗಂಡ.

"ಆ ಹೆಪ್ಪು ಕಾಲಲ್ಲೇ ಕೂತಿರಲ್ಲಪ್ಪಾ. ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಕುತ್ತು. ಮೊದಲು ಕಾರು ತೆಗೀರಿ."

ಆಸ್ಪತ್ರೆಯಲ್ಲಿ ನೋಡಿದರೆ ನರ್ಸಮ್ಮನ ಊಹೆ ನಿಜವಾಗಿತ್ತು. ಸಕಾಲಕ್ಕೆ ಔಷಧಿ ಸಿಕ್ಕಿತು. ಆರೈಕೆ ಮಾಡಲು ಬಂದವಳೇ ಹಾಸಿಗೆ ಹಿಡಿದಿದ್ದಳು. ತುಂಬು ಬಸುರಿ ತಂಗಿ ಬೆನ್ನು ಹಿಡಿದುಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಅಕ್ಕ ಗೋಡೆಯ ಕಡೆ ಮುಖ ಮಾಡಿಯೇ ನಡೆದದ್ದನ್ನೆಲ್ಲ ಹೇಳಿದಳು.

ತಂಗಿಯ ಗಂಡ ಹಾಸಿಗೆಯ ಹತ್ತಿರ ಬಂದ. "ಟಿಕೆಟ್ ಕಳಿಸಿ ಕೈತೊಳ್ಕೊಂಡೆ. ಒಳಗೆ ಹೇಗಿರುತ್ತೆ ಅಂತ ಒಂದು ಮಾತು ಹೇಳ್ಲಿಲ್ಲ," ಎಂದ. "ಮುಂದಿನ ತಿಂಗಳು ನಮ್ಮಮ್ಮನೂ ಬರ್ತಾರೆ. ಅವ್ರಿಗೆ ನೀವೇ ಹೇಳ್ತೀರಾ ಅತ್ತಿಗೆ?"

ಅಕ್ಕ ಅವರಿಗೆ ಫೋನು ಮಾಡಿದಳು. ಬಾಗಿಲು, ನಗು, ಒದ್ದೆ ಬಟ್ಟೆ, ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಅವರ ದನಿ ಮೆಲ್ಲಗೆ ಬಂತು. "ಹೇಳಿದ್ದು ಒಳ್ಳೇದಾಯ್ತು ಕಣಮ್ಮಾ. ನಾನು ಹೊರಡೋ ಹಿಂದಿನ ದಿನದಿಂದ್ಲೇ ನೀರು ಕುಡಿಯೋದನ್ನ ಬಿಡೋಣ ಅಂತಿದ್ದೆ."

ಮೊದಲ ಸಲ ದೂರ ಹಾರುವವರೇ, ಆಗಾಗ ನೀರು ಕುಡಿಯಿರಿ. ಎದ್ದು ನಾಲ್ಕು ಹೆಜ್ಜೆ ಓಡಾಡಿ. ಕೂತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ. ಶೌಚಾಲಯದ ಬಾಗಿಲು ಎಷ್ಟೋ ವಿಮಾನಗಳಲ್ಲಿ ನಡುವೆ ಒತ್ತಿದರೆ ಒಳಕ್ಕೆ ಮಡಚಿಕೊಳ್ಳುತ್ತದೆ. ತಿಳಿಯದಿದ್ದರೆ ಸಿಬ್ಬಂದಿಯನ್ನು ಕೇಳಿ, ಸನ್ನೆ ಮಾಡಿದರೂ ಸಾಕು. ಇಳಿದ ಮೇಲೆ ಒಂದು ಕಾಲು ಊದಿದರೆ, ನೋಯುತ್ತಿದ್ದರೆ ತಿಕ್ಕಬೇಡಿ, ವೈದ್ಯರಿಗೆ ತೋರಿಸಿ. ಎದೆ ನೋವು, ಉಸಿರಾಟಕ್ಕೆ ಕಷ್ಟ ಆದರೆ ಒಂದು ಕ್ಷಣವೂ ಕಾಯಬೇಡಿ.

ಈ ಕಥೆ ಹೇಳುವಾಗ ಅಕ್ಕನ ತಲೆ ಈಗಲೂ ತಗ್ಗುತ್ತದೆ. ಆದರೂ ಹೇಳುತ್ತಾಳೆ. ನಿಮ್ಮ ಮನೆಯಿಂದ ಹೊರಡುವವರಿಗೆ ನೀವೂ ಹೇಳಿ.