ಹಿಂದಿನ ಸೀಟಿನ ಹೊಲಿಗೆ

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಸಂಜೆ ತರಗತಿಯಲ್ಲಿ ಓದಿ ಪಾಸಾದವಳು. ಹಗಲು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ತಪಾಸಣೆಯ ಕೆಲಸ. ಬರೆದು ಅಭ್ಯಾಸವಿಲ್ಲ. ಮೇಲಾಗಿ ಇದರಲ್ಲಿ ತಪ್ಪು ಮಾಡಿದವಳೂ ನಾನೇ. ಹೇಳುತ್ತಾ ಹೇಳುತ್ತಾ ನನ್ನ ಪರವಾಗಿ ವಾಲಿದರೆ ನೀವೇ ಸರಿ ಮಾಡಿಕೊಂಡು ಓದಬೇಕು.

ನಮಗೆ ಕಾರು ಬೇಕಾಗಿದ್ದು ಶೋಕಿಗಲ್ಲ. ಮಗಳಿಗೆ ಉಬ್ಬಸ. ವಯಸ್ಸು ಆರು, ಎತ್ತಿಕೊಂಡರೆ ನಾಲ್ಕರ ತೂಕ. ಅದಕ್ಕೇ ಅವಳನ್ನು ಗುಬ್ಬಿ ಅನ್ನುತ್ತೇವೆ. ಹೋದ ಚಳಿಗಾಲದಲ್ಲಿ ಉಸಿರು ಕಟ್ಟಿದಾಗ ಬಾಡಿಗೆ ಗಾಡಿಗಾಗಿ ರಸ್ತೆ ಬದಿಯಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆವು. ಅವಳ ತುಟಿ ನೇರಳೆಯಾಗಿತ್ತು. "ಇನ್ನೊಂದು ಹತ್ತು ನಿಮಿಷ ತಡವಾಗಿದ್ದರೆ..." ಅಂದ ಡಾಕ್ಟರು ಮುಂದಿನದನ್ನು ನುಂಗಿಕೊಂಡರು. ಆ ನುಂಗಿದ ಮಾತು ನನ್ನನ್ನು ನಿದ್ದೆಯಲ್ಲೂ ಬಿಡಲಿಲ್ಲ.

ಹಾಗಾಗಿ ನಾನು ಡ್ರೈವಿಂಗ್ ಕಲಿತೆ. ಇವರು, ಅಂದರೆ ನನ್ನ ಯಜಮಾನರು, ಲಿಫ್ಟ್ ರಿಪೇರಿ ಮಾಡುವವರು. ರಜೆಯ ದಿನವೂ ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಕೊಂಡರೆ ಓಡಲೇಬೇಕು. ಎರಡು ತಿಂಗಳು ಹುಡುಕಿದ ಮೇಲೆ ನಮ್ಮ ಕೈಗೆಟುಕುವ ಒಂದು ಪುಟ್ಟ ಕಾರು ಸಿಕ್ಕಿತು. ಬೂದು ಬಣ್ಣ, ಹನ್ನೊಂದು ವರ್ಷ ಹಳೆಯದು.

ಮಾರುವವರು ಕನ್ನಡಕದ ಅಂಗಡಿ ನಡೆಸಿ ನಿವೃತ್ತರಾದ ಹಿರಿಯರು. ಕಾರಿನ ಗಾಜು ಒರೆಸುತ್ತಲೇ ಮಾತಾಡಿದರು. "ಹೆಂಡ್ತಿಗಿಂತ ಜಾಸ್ತಿ ಇದನ್ನೇ ನೋಡ್ಕೊಂಡಿದೀನಿ ಕಣಮ್ಮ. ಅವಳಿಗೆ ಹೊಟ್ಟೆಕಿಚ್ಚು."

"ಮತ್ಯಾಕೆ ಸಾರ್ ಮಾರ್ತಿದೀರಾ?" ಇವರು ಕೇಳಿದರು.

"ಕಣ್ಣು. ಊರಿಗೆಲ್ಲ ಕನ್ನಡಕ ಹಾಕ್ಸಿದವನಿಗೆ ಈಗ ಎದುರಿಗಿರೋ ಬಸ್ಸೂ ಕಾಣಲ್ಲ," ಎಂದು ನಕ್ಕರು. ನಾವೂ ನಕ್ಕೆವು.

"ಏ, ಎಂಜಿನ್ನು, ಅಡಿಭಾಗ ನಾನು ನೋಡ್ತೀನಿ. ಒಳಗಡೆ ನೀನು ನೋಡು," ಎಂದು ಇವರು ನೆಲದ ಮೇಲೆ ಮಲಗಿ ಕಾರಿನ ಕೆಳಗೆ ತೂರಿಕೊಂಡರು.

ನಾನು ಒಳಗೆ ಕೂತು, ನನಗೆ ಬರುವ ಒಂದೇ ಕೆಲಸ ಮಾಡಿದೆ. ಸೀಟಿನ ಕವರು, ಬಾಗಿಲಿನ ಅಂಚು, ಮೇಲಿನ ಬಟ್ಟೆ, ಎಲ್ಲದರ ಹೊಲಿಗೆಯನ್ನೂ ಬೆರಳಿನಿಂದ ಸವರಿ ನೋಡಿದೆ. ಡ್ರೈವರ್ ಹಿಂದಿನ ಸೀಟಿನ ಬೆಲ್ಟಿನಲ್ಲಿ, ಕೊಂಡಿಯಿಂದ ಗೇಣುದ್ದ ಮೇಲೆ, ಎರಡು ತುದಿಗಳನ್ನು ಒಂದರ ಮೇಲೊಂದಿಟ್ಟು ಹೊಲಿದಿದ್ದರು. ಕಪ್ಪು ದಾರ, ನಾಲ್ಕು ಸಾಲು, ನಡುವೆ ಅಡ್ಡಪಟ್ಟಿಯ ಹೊಲಿಗೆ. ಎಲ್ಲೂ ದಾರ ಸಡಿಲವಿಲ್ಲ. ಎಳೆದು ನೋಡಿದೆ, ಕಲ್ಲಿನಂತಿತ್ತು. ನಮ್ಮ ಕಾರ್ಖಾನೆಯಲ್ಲಿ ಇಂಥ ಕೈ ಇನ್ನೆರಡಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ ಅಂದುಕೊಂಡೆ. ಆ ಯೋಚನೆಗೆ ಮುಗುಳ್ನಕ್ಕಿದ್ದೂ ನೆನಪಿದೆ.

ರಿಪೇರಿಯಾಗಿ ಬಂದ ಬಟ್ಟೆ ನಮ್ಮ ಮೇಜಿಗೆ ಬಂದರೆ ಹೊಲಿಗೆ ಗಟ್ಟಿಯಿದೆಯೇ ಅಂತಷ್ಟೇ ನೋಡಬೇಕು. ಮೊದಲು ಯಾಕೆ ಹರಿಯಿತು ಎಂದು ಕೇಳುವುದು ನಮ್ಮ ಕೆಲಸವಲ್ಲ. ಎಂಟು ವರ್ಷ ಹಾಗೇ ಮಾಡಿದ್ದೆ, ಅವತ್ತೂ ಹಾಗೇ ಮಾಡಿದೆ. "ಒಳಗೆಲ್ಲ ಚೆನ್ನಾಗಿದೆ ರೀ," ಅಂದೆ.

ಕಾರು ಮನೆಗೆ ಬಂದ ಮೂರನೇ ದಿನ, ಮೇಜಿನ ಮೇಲೆ ಅಂಗಿಗಳನ್ನು ತಿರುವಿಹಾಕುತ್ತಿದ್ದಾಗ, ಇದ್ದಕ್ಕಿದ್ದಂತೆ ಆ ಬೆಲ್ಟು ನೆನಪಾಯಿತು. ಸೀಟ್ ಬೆಲ್ಟ್ ಸವೆದರೆ ಅಂಚು ನೂಲುನೂಲಾಗುತ್ತದೆ. ಆ ಎರಡು ತುದಿಗಳು ನೆಟ್ಟಗಿದ್ದವು. ಅದನ್ನು ಯಾರೋ ಕತ್ತರಿಸಿದ್ದರು. ಕೂತಿದ್ದ ಮನುಷ್ಯನನ್ನು ಹೊರಗೆ ತೆಗೆಯಲು ಅಲ್ಲದೆ ಸೀಟ್ ಬೆಲ್ಟನ್ನು ಇನ್ಯಾಕೆ ಕತ್ತರಿಸುತ್ತಾರೆ?

ಸಂಜೆ ಇವರಿಗೆ ಹೇಳಿದೆ. ಟಾರ್ಚ್ ಹಿಡಿದು ಮತ್ತೆ ಕಾರಿನ ಕೆಳಗೆ ತೂರಿಕೊಂಡರು. "ಎಲ್ಲೂ ಬೆಂಡಾಗಿಲ್ಲ, ವೆಲ್ಡಿಂಗ್ ಇಲ್ಲ, ಬಣ್ಣ ಕಂಪನಿಯದೇ. ಆಕ್ಸಿಡೆಂಟ್ ಗಾಡಿ ಅಲ್ಲ ಕಣೇ." ಕೊಂಡಿಯನ್ನು ಹತ್ತು ಸಲ ಹಾಕಿ ತೆಗೆದರು. ಹತ್ತು ಸಲವೂ ಟಕ್ಕೆಂದು ಬಿಟ್ಟುಕೊಂಡಿತು. "ನಿನಗೆ ಸುಮ್ಮನೆ ಭಯ. ಹೊಸ ಬೆಲ್ಟಿಗೆ ಹೇಳ್ತೀನಿ, ಮುಂದಿನ ವಾರ ಬರುತ್ತೆ. ಅಲ್ಲಿವರೆಗೂ ಗುಬ್ಬಿನ ಆ ಕಡೆ ಕೂರಿಸ್ಬೇಡ, ಆಯ್ತಾ?"

ಆಕ್ಸಿಡೆಂಟ್ ಆಗಿಲ್ಲ ಅಂದಿದ್ದೇ ನನಗೆ ಇನ್ನಷ್ಟು ಹೆದರಿಕೆ ತಂದಿತು. ಆಗಿದ್ದರೆ ಕಾರಣವಾದರೂ ಸಿಗುತ್ತಿತ್ತು. ಕಾರನ್ನು ದಾಟಿ ಹೋಗುವಾಗಲೆಲ್ಲ ಹಿಂದಿನ ಕಿಟಕಿಯ ಕಡೆ ನೋಡದಿರಲು ಕತ್ತು ಬಿಗಿ ಹಿಡಿಯುತ್ತಿದ್ದೆ. ಹಿರಿಯರಿಗೆ ಫೋನ್ ಮಾಡಬೇಕು ಅಂದುಕೊಳ್ಳುತ್ತಿದ್ದೆ. ಕೊಂಡ ಮೇಲೆ ತಗಾದೆ ತೆಗೆಯುತ್ತಾಳೆ ಅಂದುಕೊಂಡಾರು ಎಂದು ಸುಮ್ಮನಾಗುತ್ತಿದ್ದೆ.

ಭಾನುವಾರ ಮಧ್ಯಾಹ್ನ ಇವರು ಕೆಲಸದ ಮೇಲೆ ಹೋಗಿದ್ದರು. ಗುಬ್ಬಿ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದವಳು ಪೆನ್ಸಿಲ್ ಕೆಳಗಿಟ್ಟಳು. "ಅಮ್ಮಾ, ಬರ್ತಿಲ್ಲ," ಅಂದಳು. ಉಸಿರು ಬರುತ್ತಿಲ್ಲ ಅನ್ನುವುದಕ್ಕೆ ಅವಳು ಹಾಗೇ ಅನ್ನುವುದು. ಉಬ್ಬಸದ ಔಷಧಿಯ ಪಂಪು ಎರಡು ಸಲ ಕೊಟ್ಟೆ, ಮತ್ತೆರಡು ಸಲ ಕೊಟ್ಟೆ. ಎದೆಯೊಳಗಿನ ಸಿಳ್ಳೆ ನಿಲ್ಲಲಿಲ್ಲ. ಎತ್ತಿಕೊಂಡು ಓಡಿದೆ.

ಕಾರಿನ ಎಡಭಾಗ ಗೋಡೆಗೆ ಅಂಟಿಕೊಂಡಿತ್ತು, ನಾನೇ ನಿಲ್ಲಿಸಿದ್ದು. ತೆರೆಯಲು ಬರುವಂತಿದ್ದುದು ಬಲಗಡೆಯ ಬಾಗಿಲು ಮಾತ್ರ. ಮಗುವನ್ನು ಒಳಗಿಂದಲೇ ಎಡಗಡೆಗೆ ಸರಿಸಬಹುದಿತ್ತು. ಸರಿಸಲಿಲ್ಲ. ಬಾಗಿಲ ಪಕ್ಕದಲ್ಲೇ ಕೂರಿಸಿದೆ, ತಿರುವಿನಲ್ಲಿ ಬಿದ್ದಾಳೆಂದು ಬೆಲ್ಟ್ ಹಾಕಿದೆ. ಕೈಗೆ ಹೊಲಿಗೆ ತಾಗಿತು. ಗಟ್ಟಿಯಿದೆ, ಇರಲಿ ಎಂದುಕೊಂಡೆ. ಇದನ್ನು ಒಪ್ಪಿಕೊಳ್ಳದೆ ಮುಂದೆ ಹೋಗಲಾರೆ.

ಒಬ್ಬಳೇ ಗಾಡಿ ಓಡಿಸಿದ್ದು ಅದೇ ಮೊದಲು. ಹಿಂದಿನಿಂದ ಬರುತ್ತಿದ್ದ ಸಿಳ್ಳೆ ನಿಂತರೆ ಗತಿಯೇನು ಎಂದು ಕಿವಿಯೆಲ್ಲ ಅಲ್ಲೇ ಇತ್ತು. "ಗುಬ್ಬೀ, ಇದೀಯಾ?" ಅನ್ನುತ್ತಿದ್ದೆ. "ಹ್ಞೂಂ," ಅನ್ನುತ್ತಿದ್ದಳು. ಮೂರನೇ ಸಲ ಉತ್ತರ ಬರಲಿಲ್ಲ. ಸಿಳ್ಳೆ ಮಾತ್ರ ಇತ್ತು.

ಆಸ್ಪತ್ರೆಯ ಬಾಗಿಲಲ್ಲಿ ಅಡ್ಡಾದಿಡ್ಡಿ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದೆ. ಗುಬ್ಬಿ ಗಾಳಿಗಾಗಿ ಮುಂದಕ್ಕೆ ಬಾಗಿದ್ದಳು, ಬೆಲ್ಟು ಬಿಗಿದುಕೊಂಡಿತ್ತು. ಕೆಂಪು ಗುಂಡಿ ಒತ್ತಿದೆ. ಕೊಂಡಿ ಬಿಡಲಿಲ್ಲ. ಎರಡೂ ಹೆಬ್ಬೆರಳಿನಿಂದ ಒತ್ತಿದೆ. ಊಹೂಂ.

"ಇಲ್ಲಿ ನಿಲ್ಲಿಸ್ಬಾರ್ದು ಮೇಡಂ, ಆ ಕಡೆ..." ಎನ್ನುತ್ತಾ ಬಂದ ಕಾವಲುಗಾರ ಮಗುವಿನ ಮುಖ ನೋಡಿ ಮಾತು ನಿಲ್ಲಿಸಿದ. ಅವನೂ ಒತ್ತಿದ, ಎಳೆದ. ಎಳೆದಷ್ಟೂ ಅವಳ ಹೊಟ್ಟೆಗೆ ಬಿಗಿಯಿತು. "ಅಯ್ಯೋ, ನನ್ನ ಕೈಗೂ ಬಗ್ತಿಲ್ಲವಲ್ಲ! ಚಾಕು ಇದೆಯಾ?"

ಚಾಕು ಇರಲಿಲ್ಲ. ನನ್ನ ಬ್ಯಾಗಿನಲ್ಲಿ ಕಾರ್ಖಾನೆಯ ದಾರದ ಕತ್ತರಿ ಇತ್ತು. ಶನಿವಾರ ಮರೆತು ತಂದಿದ್ದೆ, ಸೋಮವಾರ ಹೇಳಿ ಹಿಂದಿರುಗಿಸಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಬೆರಳುದ್ದದ ಕತ್ತರಿ. ಬೆಲ್ಟಿನ ಪಟ್ಟಿಗೆ ಅದರ ಬಾಯಿ ಸಾಲದು. ಆದರೆ ದಾರಕ್ಕೆ ಸಾಕು.

ನಾಲ್ಕು ಸಾಲಿನ ಆ ಹೊಲಿಗೆಯನ್ನು ಬಿಚ್ಚತೊಡಗಿದೆ. ಹೊಗಳಿದ್ದ ಹೊಲಿಗೆಯನ್ನೇ ಶಪಿಸಿದೆ. ಒಂದೊಂದು ದಾರವೂ ತಂತಿಯಂತಿತ್ತು. ಕಾವಲುಗಾರ ಎರಡು ತುದಿಗಳನ್ನು ಬಿಗಿಯಾಗಿ ಅಗಲಿಸಿ ಹಿಡಿದ. ಅಡ್ಡಪಟ್ಟಿ ಹೋಯಿತು, ಒಂದು ಸಾಲು, ಎರಡು. ಗುಬ್ಬಿಯ ತಲೆ ನನ್ನ ಮೊಣಕೈ ಮೇಲೆ ವಾಲಿತು. ಸಿಳ್ಳೆಯೂ ಕೇಳಿಸದಾಯಿತು. ಮೂರನೆಯ ಸಾಲು ಹೋದದ್ದೇ ನಾಲ್ಕನೆಯದನ್ನು ಅವನು ಕಿತ್ತೇಬಿಟ್ಟ. ಅವಳನ್ನು ಎತ್ತಿಕೊಂಡು ಒಳಗೆ ಓಡಿದವನೂ ಅವನೇ.

ಗುಬ್ಬಿ ಉಳಿದಳು. ಮೂರನೇ ದಿನ ಮನೆಗೆ ಬಂದಳು.

ಇವರು ಆ ಕೊಂಡಿಯನ್ನು ಬಿಚ್ಚಿ ನೋಡಿದರು. ಒಳಗಿನ ಒಂದು ಹಲ್ಲು ಸ್ವಲ್ಪ ಬಾಗಿತ್ತು. ಬೆಲ್ಟು ಸಡಿಲವಿದ್ದಾಗ ಸಲೀಸಾಗಿ ಬಿಡುತ್ತಿತ್ತು, ಬಿಗಿದಾಗ ಮಾತ್ರ ಕಚ್ಚಿಕೊಳ್ಳುತ್ತಿತ್ತು. "ಸಡಿಲ ಇದ್ದಾಗಲೇ ನೋಡಿದೆನಲ್ಲೇ," ಎಂದು ತಲೆ ಹಿಡಿದು ಕೂತರು. ಬೆಲ್ಟು, ಕೊಂಡಿ ಎರಡೂ ಹೊಸದು ಹಾಕಿದ್ದಾಯಿತು. ಕಾರನ್ನು ಮಾರಲಿಲ್ಲ. ಮಾರಿದರೆ ಮತ್ತೆ ರಸ್ತೆ ಬದಿಯೇ ಗತಿ.

ಆಮೇಲೆ ಧೈರ್ಯ ಮಾಡಿ ಫೋನ್ ಮಾಡಿದೆ. ಎತ್ತಿದ್ದು ಹಿರಿಯರ ಹೆಂಡತಿ.

"ಅಮ್ಮಾ, ನಾವು ನಿಮ್ಮ ಕಾರು ತಗೊಂಡವರು. ಹಿಂದಿನ ಸೀಟಿನ ಬೆಲ್ಟು..."

"ಅದನ್ನ ಹೊಲಿದಿದ್ದು ನಾನೇ," ಅಂದರು. "ನಮ್ಮನೆಯವ್ರಿಗೆ ಹೇಳಿದ್ದೆ, ಹೊಸದು ಹಾಕ್ಸಿ ಕೊಡಿ ಅಂತ."

"ಅಲ್ಲಿ ಯಾರು ಕೂತಿದ್ರಮ್ಮಾ?"

ಹಿಂದಿನಿಂದ ಹಿರಿಯರ ದನಿ ಕೇಳಿತು. "ಯಾರೇ ಅದು ಫೋನಲ್ಲಿ?" ಅಷ್ಟರಲ್ಲಿ ಫೋನ್ ಕಟ್ಟಾಯಿತು. ಆಮೇಲೆ ನಾಲ್ಕು ಸಲ ಮಾಡಿದೆ, ಯಾರೂ ಎತ್ತಲಿಲ್ಲ. ಐದನೇ ಸಲ ಮಾಡಲು ನನಗೇ ಭಯವಾಯಿತು.

ಆ ಬೆಲ್ಟನ್ನು ಕತ್ತರಿಸಿದ ದಿನ ಅವರ ಕಾರಿನಲ್ಲಿ ಏನಾಯಿತು, ಆ ಸೀಟಿನಲ್ಲಿದ್ದವರನ್ನು ಹೊತ್ತಿಗೆ ಸರಿಯಾಗಿ ಬಿಡಿಸಿದರೋ ಇಲ್ಲವೋ, ನನಗೆ ಗೊತ್ತಿಲ್ಲ.